ಎರಡನೇ ಡಿಸ್ಕಿನಿಂದ ಬೂಟ್: ಶಾಸನದ ಫೋಟೋ ಇಟ್ಟುಕೊಂಡವರಿಗೆ ಒಂದು ಟಿಪ್ಪಣಿ

ಈ ಸಲ ಹೊಸ ಶಾಸನದ ಪಾಠ ಕೊಡುತ್ತಿಲ್ಲ. ಹಳೇ ಶಾಸನವೊಂದು ನನ್ನ ಕಂಪ್ಯೂಟರಿನ ಒಳಗೇ ಎರಡನೇ ಸಲ ನಾಶವಾಗುವುದರಲ್ಲಿತ್ತು, ಅದರ ಕಥೆ ಇದು. ಜೊತೆಗೆ, ಕಂಪ್ಯೂಟರಿಗೆ ಎರಡನೇ ಡಿಸ್ಕ್ ಹಾಕಿ ಅದರಿಂದಲೇ ಬೂಟ್ ಆಗುವ ಹಾಗೆ ಮಾಡುವುದು ಹೇಗೆ ಅನ್ನುವ ವಿವರ. ಕಲ್ಲು ಓದುವವರಿಗೆ ಇದೆಲ್ಲ ಯಾಕೆ ಅಂದರೆ, ನಮ್ಮಲ್ಲಿ ಬಹಳ ಜನ ಹತ್ತು ಹದಿನೈದು ವರ್ಷ ಊರೂರು ತಿರುಗಿ ತೆಗೆದ ಫೋಟೋಗಳನ್ನೆಲ್ಲ ಒಂದೇ ಹಳೇ ಡೆಸ್ಕ್‌ಟಾಪಿನಲ್ಲಿ ತುಂಬಿಟ್ಟುಕೊಂಡು ನಿಶ್ಚಿಂತೆಯಾಗಿದ್ದೇವೆ. ನಾನೂ ಹಾಗೇ ಇದ್ದೆ.

2012ರಲ್ಲಿ ಒಂದು ಕೆರೆಯ ತೂಬಿನ ಕಲ್ಲಿನ ಫೋಟೋ ತೆಗೆದಿದ್ದೆ. ಒಂಬತ್ತು ಸಾಲಿನ ಶಾಸನ. ನಾನು ಹುಡುಕಿದ ಮಟ್ಟಿಗೆ ಯಾವ ಸಂಪುಟದಲ್ಲೂ ಅಚ್ಚಾಗಿಲ್ಲ. ಶಕವರ್ಷದ ಅಂಕಿಗಳ ಜಾಗದಲ್ಲಿ ಚಕ್ಕೆ ಎದ್ದುಹೋಗಿದೆ. ಕಾಲ ಹೇಳುವುದಕ್ಕೆ ಉಳಿದಿರುವುದು ಮೂರನೇ ಸಾಲಿನ ಸಂವತ್ಸರದ ಹೆಸರು ಮಾತ್ರ. ಮೊದಲಿಗೆ 'ವಿ', ಆಮೇಲೆ ಕಕಾರ, ಅದರ ಕೆಳಗೊಂದು ಕೊಂಡಿ, ಆಮೇಲೆ ಸವೆದ ಒಂದು ಅಕ್ಷರ. ಆ ಕೊಂಡಿ ರಕಾರದ ಒತ್ತು ಆಗಿದ್ದರೆ ವಿಕ್ರಮ, ಋಕಾರದ ಚಿಹ್ನೆ ಆಗಿದ್ದರೆ ವಿಕೃತಿ. ಅರವತ್ತರ ಚಕ್ರದಲ್ಲಿ ವಿಕ್ರಮ 14ನೆಯದು, ವಿಕೃತಿ 24ನೆಯದು. ಹತ್ತು ವರ್ಷದ ಅಂತರ, ಅಷ್ಟರಲ್ಲಿ ಸಿಂಹಾಸನದ ಮೇಲಿನ ದೊರೆಯೇ ಬದಲಾಗಿರಬಹುದು. ನನ್ನ ಹದಿನಾಲ್ಕು ಫೋಟೋಗಳಲ್ಲಿ ಸಂಜೆಯ ಓರೆಬೆಳಕಿನಲ್ಲಿ ತೆಗೆದದ್ದು ಒಂದೇ ಒಂದು. ಉಳಿದ ಹದಿಮೂರರಲ್ಲಿ ಆ ಅಕ್ಷರಗಳು ಚಪ್ಪಟೆಯಾಗಿ ಕಾಣುತ್ತವೆ, ಏನೂ ತಿಳಿಯೋದಿಲ್ಲ. ಮತ್ತೆ ಹೋಗಿ ತೆಗೆಯೋಣ ಅಂದರೆ, ಕೆಲವು ವರ್ಷದ ನಂತರ ಏರಿಯ ಮೇಲಿನ ರಸ್ತೆ ಅಗಲ ಮಾಡುವಾಗ ಆ ಕಲ್ಲೇ ಹೋಯಿತು.

ಈ ಓರೆಬೆಳಕಿನ ಫೋಟೋ ಮತ್ತೆ ತೆರೆದು ನೋಡೋಣ ಅಂತ ಒಂದು ದಿನ ಕೂತರೆ ಕಂಪ್ಯೂಟರ್ ಶುರುವಾಗೋದಕ್ಕೇ ಹತ್ತು ನಿಮಿಷ ತೆಗೆದುಕೊಂಡಿತು. ಒಳಗಿನಿಂದ ಟಿಕ್ ಟಿಕ್ ಅಂತ ಸದ್ದು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ತಂತ್ರಾಂಶ ಇದೆ, ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಆರೋಗ್ಯದ ಲೆಕ್ಕ ತೋರಿಸುತ್ತದೆ. ಅದರಲ್ಲಿ ಹಳದಿ ಬಣ್ಣ ಬಂದಿತ್ತು. ಮುಖ್ಯವಾಗಿ ನೋಡಬೇಕಾದ್ದು ಎರಡು: ಕೆಟ್ಟುಹೋಗಿ ಬೇರೆ ಜಾಗಕ್ಕೆ ಬದಲಾಯಿಸಿದ ಸೆಕ್ಟರುಗಳು ಎಷ್ಟು, ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳು ಎಷ್ಟು. ಎರಡನೆಯದು ಸೊನ್ನೆ ಅಲ್ಲದಿದ್ದರೆ ಅವತ್ತೇ ಎಚ್ಚೆತ್ತುಕೊಳ್ಳಿ. ನನ್ನದರಲ್ಲಿ ಎರಡೂ ಸೊನ್ನೆ ಆಗಿರಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. "ವಿಂಡೋಸ್ ಇರೋದು ಸಿ ಡ್ರೈವಿನಲ್ಲಿ, ಫೋಟೋ ಇರೋದು ಡಿ ಡ್ರೈವಿನಲ್ಲಿ, ಹಾಗಾಗಿ ಫೋಟೋ ಸುರಕ್ಷಿತ" ಅಂತ ಬಹಳ ಜನ ನಂಬಿಕೊಂಡಿರುತ್ತಾರೆ. ಕಂಪ್ಯೂಟರ್ ಜೋಡಿಸಿಕೊಟ್ಟವರು ಸಾಮಾನ್ಯವಾಗಿ ಒಂದೇ ಡಿಸ್ಕನ್ನು ಎರಡು ಭಾಗ ಮಾಡಿ ಸಿ, ಡಿ ಅಂತ ಹೆಸರು ಕೊಟ್ಟಿರುತ್ತಾರೆ. ಒಂದೇ ಕಲ್ಲಿನ ಮುಂಭಾಗ, ಹಿಂಭಾಗ ಇದ್ದ ಹಾಗೆ. ಕಲ್ಲು ಒಡೆದರೆ ಎರಡು ಪಾಠವೂ ಹೋಗುತ್ತದೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ: ಸಿ ಮತ್ತು ಡಿ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಇದ್ದರೆ ನಿಮ್ಮಲ್ಲಿರುವುದು ಒಂದೇ ಡಿಸ್ಕ್.

ಡಿಸ್ಕ್ ಸಾಯುತ್ತಿದೆ ಅಂತ ಗೊತ್ತಾದ ಕೂಡಲೇ ಹೊಸ ಡಿಸ್ಕಿಗೆ ಬೂಟ್ ವರ್ಗಾಯಿಸಲು ಹೊರಡಬೇಡಿ. ಮೊದಲ ಕೆಲಸ, ಬದಲಿ ಇಲ್ಲದ ಫೋಲ್ಡರುಗಳನ್ನು ಹೊರಗಿನ ಯುಎಸ್‌ಬಿ ಡಿಸ್ಕಿಗೆ ಎತ್ತಿಡುವುದು. ಸಿನಿಮಾ, ಮದುವೆ ವಿಡಿಯೋ, ಡೌನ್‌ಲೋಡ್ ಮಾಡಿದ ಪಿಡಿಎಫ್ ಆಮೇಲೆ. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು ಇನ್ನೊಮ್ಮೆ ಸಿಗುತ್ತವೆ, ನಿಮ್ಮ ತೂಬಿನ ಕಲ್ಲು ಸಿಗೋದಿಲ್ಲ. ನಾನು ಹಾಗೇ ಮಾಡಿದೆ. ಹದಿನಾಲ್ಕರಲ್ಲಿ ಹದಿಮೂರು ಫೋಟೋ ಬಂದವು. ಓರೆಬೆಳಕಿನದ್ದೇ ಬರಲಿಲ್ಲ, ಕಾಪಿ ಅಲ್ಲೇ ನಿಂತು ದೋಷ ತೋರಿಸಿತು. ಅದನ್ನು ಮತ್ತೆ ಮತ್ತೆ ಓದಿಸಲು ಹೋಗಿ ಡಿಸ್ಕನ್ನು ಪೂರ್ತಿ ಕೊಲ್ಲಬಾರದು ಅಂತ ಅಲ್ಲಿಗೆ ಬಿಟ್ಟು, ಕಂಪ್ಯೂಟರ್ ಬೇರೆ ಡಿಸ್ಕಿನಿಂದ ನಡೆಯುವ ಹಾಗೆ ಮಾಡಲು ಹೊರಟೆ. ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕ್ ಸುಮ್ಮನೆ ಕೂರೋದಿಲ್ಲ ನೋಡಿ, ನೀವೇನೂ ಮಾಡದಿದ್ದರೂ ಓದುತ್ತ ಬರೆಯುತ್ತ ಇರುತ್ತದೆ. ಸಾಯುತ್ತಿರುವ ಡಿಸ್ಕಿಗೆ ಮೊದಲು ಆ ಹೊರೆ ಇಳಿಸಬೇಕು.

ಇನ್ನು ಬೂಟ್ ಅಂದರೆ ಏನು ಅನ್ನುವ ವಿಷಯ. ಹೊಸ ಡಿಸ್ಕಿಗೆ ಸಿ ಡ್ರೈವಿನ ಎಲ್ಲ ಫೋಲ್ಡರುಗಳನ್ನೂ ಕಾಪಿ ಮಾಡಿದರೆ ಸಾಲದೇ ಅಂತ ಕೇಳುತ್ತಾರೆ. ಸಾಲೋದಿಲ್ಲ. ಗುಂಡಿ ಒತ್ತಿದಾಗ ಮೊದಲು ಎಚ್ಚರವಾಗುವುದು ಮದರ್‌ಬೋರ್ಡಿನಲ್ಲಿರುವ ಸಣ್ಣ ತಂತ್ರಾಂಶ, ಅಂದರೆ ಫರ್ಮ್‌ವೇರ್. ಅದಕ್ಕೆ ವಿಂಡೋಸ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದು ನೋಡುವುದು ಒಂದು ಗೊತ್ತಾದ ಜಾಗವನ್ನು ಮಾತ್ರ.

ಹಳೆಯ ಬಯಾಸ್ ಯಂತ್ರಗಳಲ್ಲಿ ಆ ಜಾಗ ಡಿಸ್ಕಿನ ಮೊಟ್ಟಮೊದಲ 512 ಬೈಟ್. ಅದರಲ್ಲಿ 446 ಬೈಟ್ ಒಂದು ಪುಟ್ಟ ಪ್ರೋಗ್ರಾಮಿಗೆ, 64 ಬೈಟ್ ಡಿಸ್ಕಿನ ಭಾಗಗಳ ಪಟ್ಟಿಗೆ, ಕೊನೆಯ ಎರಡು ಬೈಟ್ ಒಂದು ನಿಗದಿಯಾದ ಗುರುತಿಗೆ. ನಮ್ಮವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಕೊನೆಯಲ್ಲಿ 'ಮಂಗಳ ಮಹಾಶ್ರೀ' ಇದ್ದರೆ ಶಾಸನ ಅಲ್ಲಿಗೆ ಪೂರ್ತಿ ಅಂತ ನಾವು ತಿಳಿಯುತ್ತೇವಲ್ಲ, ಬಯಾಸ್ ಕೂಡ ಆ ಎರಡು ಬೈಟ್ ನೋಡಿ 'ಇದು ಬೂಟ್ ಆಗೋ ಡಿಸ್ಕ್' ಅಂತ ಒಪ್ಪಿಕೊಳ್ಳುತ್ತದೆ. ಆ ಗುರುತಿಲ್ಲದಿದ್ದರೆ ಮುಂದಿನ ಡಿಸ್ಕಿಗೆ ಹೋಗುತ್ತದೆ. ಫೋಲ್ಡರ್ ಕಾಪಿ ಮಾಡಿದಾಗ ಈ 512 ಬೈಟ್ ಬರೋದೇ ಇಲ್ಲ, ಅದು ಯಾವ ಫೋಲ್ಡರಿನ ಒಳಗೂ ಇರೋದಿಲ್ಲ.

ಈಚಿನ ಯಂತ್ರಗಳಲ್ಲಿ ಬಯಾಸ್ ಜಾಗದಲ್ಲಿ ಯು.ಇ.ಎಫ್.ಐ. ಬಂದಿದೆ. ಇದು ಡಿಸ್ಕಿನಲ್ಲಿ ಇ.ಎಫ್.ಐ. ಸಿಸ್ಟಮ್ ಭಾಗ ಅನ್ನುವ ಚಿಕ್ಕ ವಿಭಾಗವನ್ನು ಹುಡುಕುತ್ತದೆ. ಸಾಮಾನ್ಯವಾಗಿ 100 ಎಂಬಿ ಗಾತ್ರ, ಫ್ಯಾಟ್32 ವಿನ್ಯಾಸ, ಡ್ರೈವ್ ಅಕ್ಷರ ಇಲ್ಲದ್ದರಿಂದ ಕಣ್ಣಿಗೆ ಬೀಳೋದಿಲ್ಲ. ಅದರೊಳಗಿನ ಒಂದು ಕಡತವನ್ನು ಓಡಿಸುತ್ತದೆ, ಆ ಕಡತ ಹೋಗಿ ವಿಂಡೋಸನ್ನು ಎಬ್ಬಿಸುತ್ತದೆ. ಯಾವ ಡಿಸ್ಕಿನ ಯಾವ ಭಾಗದ ಯಾವ ಕಡತ ಅನ್ನುವ ವಿಳಾಸ ಮದರ್‌ಬೋರ್ಡಿನ ನೆನಪಿನಲ್ಲಿ ಬರೆದಿರುತ್ತದೆ. ದಾನಶಾಸನದಲ್ಲಿ 'ಮೂಡಲ ಎಲ್ಲೆ ಅರಳಿಮರ' ಅಂತ ಬರೆದಿರುತ್ತದೆ, ಮರ ಹೋಗಿ ಐನೂರು ವರ್ಷ ಆಗಿರುತ್ತದೆ. ಡಿಸ್ಕ್ ಕಿತ್ತುಹಾಕಿದ ಮೇಲೆ ಮದರ್‌ಬೋರ್ಡಿನ ಬರಹದ ಗತಿಯೂ ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದೂ, ಇಂಜಿನಿಯರ್ ಅಂತ ಹೇಳಿಕೊಂಡೂ, ನಾನು ಮಾಡಿದ ತಪ್ಪು ಹೇಳುತ್ತೇನೆ. 500 ಜಿಬಿ ಎಸ್‌ಎಸ್‌ಡಿ ತಂದೆ. ಕ್ಯಾಬಿನೆಟ್ ಬಿಚ್ಚಿ, ಸಾಟಾ ಕೇಬಲ್ಲು, ಪವರ್ ಕೇಬಲ್ಲು ಸಿಕ್ಕಿಸಿ ಎರಡನೇ ಡಿಸ್ಕಾಗಿ ಜೋಡಿಸಿದೆ. ಮೈಕ್ರೋಸಾಫ್ಟಿನವರೇ ಕೊಡುವ ಉಪಕರಣದಿಂದ 8 ಜಿಬಿ ಪೆನ್‌ಡ್ರೈವಿನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಮಾಡಿಕೊಂಡೆ. 'ಎಲ್ಲಿ ಹಾಕಲಿ' ಅಂತ ಕೇಳಿದಾಗ ಎಚ್ಚರಿಕೆಯಿಂದ ಹೊಸ ಡಿಸ್ಕಿನ ಖಾಲಿ ಜಾಗವನ್ನೇ ತೋರಿಸಿದೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದು, ಹೊಸ ವಿಂಡೋಸ್ ಸರಸರ ಅಂತ ಶುರುವಾಯಿತು. ಕೆಲಸ ಆಯ್ತು ಅಂತ ಹಳೇ ಡಿಸ್ಕಿನ ಕೇಬಲ್ ತೆಗೆದು ಮತ್ತೆ ಗುಂಡಿ ಒತ್ತಿದರೆ, ಕಪ್ಪು ಪರದೆ. ಬೂಟ್ ಮಾಡುವ ಸಾಧನ ಸಿಗಲಿಲ್ಲ ಅಂತ ಒಂದು ಸಾಲು.

ಆಗಿದ್ದು ಇಷ್ಟೇ. ಇನ್‌ಸ್ಟಾಲರ್ ಓಡುವಾಗ ಹಳೇ ಡಿಸ್ಕೂ ಜೋಡಿಸಿಯೇ ಇತ್ತು. ಅದರಲ್ಲಿ ಆಗಲೇ ಒಂದು ಇ.ಎಫ್.ಐ. ಭಾಗ ಇದ್ದುದನ್ನು ಕಂಡು, ಇನ್ನೊಂದು ಯಾಕೆ ಅಂತ ವಿಂಡೋಸ್ ತನ್ನ ಬೂಟ್ ಕಡತಗಳನ್ನು ಅಲ್ಲೇ ಇಟ್ಟಿತು. ಸಾವಿರಾರು ಕಡತಗಳ ದೊಡ್ಡ ಮನೆ ಹೊಸ ಡಿಸ್ಕಿನಲ್ಲಿ, ಬಾಗಿಲು ಮಾತ್ರ ಹಳೇ ಡಿಸ್ಕಿನಲ್ಲಿ. ಅಂದರೆ ಯಾವ ಡಿಸ್ಕಿನಿಂದ ಬಿಡುಗಡೆ ಬೇಕಿತ್ತೋ ಆ ಡಿಸ್ಕ್ ಸತ್ತ ದಿನ ಹೊಸದೂ ಏಳುವುದಿಲ್ಲ. ನಾನು ಕೇಬಲ್ ತೆಗೆದು ನೋಡದೇ ಇದ್ದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಕೇಬಲ್ ತೆಗೆಯದೆಯೂ ಪರೀಕ್ಷೆ ಮಾಡಬಹುದು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಪ್ರತಿ ಭಾಗದ ಕೆಳಗೆ ಅದರ ಗುಣ ಬರೆದಿರುತ್ತದೆ. 'ಸಿಸ್ಟಮ್' ಅನ್ನುವ ಪದ ಒಂದು ಕಡೆ, 'ಬೂಟ್' ಅನ್ನುವ ಪದ ಇನ್ನೊಂದು ಕಡೆ ಇರುತ್ತದೆ. ಇಲ್ಲಿ ಒಂದು ತಮಾಷೆ ಇದೆ: ಮೈಕ್ರೋಸಾಫ್ಟಿನ ಪರಿಭಾಷೆಯಲ್ಲಿ ಬೂಟ್ ಕಡತಗಳಿರುವ ಚಿಕ್ಕ ಭಾಗದ ಹೆಸರು 'ಸಿಸ್ಟಮ್', ಇಡೀ ವಿಂಡೋಸ್ ಸಿಸ್ಟಮ್ ಇರುವ ಭಾಗದ ಹೆಸರು 'ಬೂಟ್'. ವೀರಗಲ್ಲಿಗೆ ಮಾಸ್ತಿಕಲ್ಲು ಅಂತಲೂ ಮಾಸ್ತಿಕಲ್ಲಿಗೆ ವೀರಗಲ್ಲು ಅಂತಲೂ ಫಲಕ ಬರೆದು ನಿಲ್ಲಿಸಿದ ಹಾಗೆ. ಅದಿರಲಿ, ನೀವು ನೋಡಬೇಕಾದ್ದು ಈ ಎರಡೂ ಪದ ಒಂದೇ ಡಿಸ್ಕಿನ ಸಾಲಿನಲ್ಲಿ ಇವೆಯೇ ಅಂತ. ನನ್ನದರಲ್ಲಿ ಸಿಸ್ಟಮ್ ಹಳೇ ಡಿಸ್ಕಿನಲ್ಲಿ, ಬೂಟ್ ಹೊಸದರಲ್ಲಿ ಇತ್ತು.

ಹಾಗಾಗಿ ಸರಿಯಾದ ಕ್ರಮ ಹೀಗೆ. ಕಂಪ್ಯೂಟರ್ ಆರಿಸಿ, ಗೋಡೆಯ ಪ್ಲಗ್ಗನ್ನೂ ತೆಗೆದು, ಹಳೇ ಡಿಸ್ಕಿನ ಕೇಬಲ್ ಬಿಡಿಸಿ. ಒಳಗೆ ಹೊಸ ಡಿಸ್ಕ್ ಒಂದೇ ಇರಲಿ. ಪೆನ್‌ಡ್ರೈವಿನಿಂದ ಶುರುಮಾಡುವಾಗ ಬೂಟ್ ಪಟ್ಟಿಯಲ್ಲಿ ಆ ಪೆನ್‌ಡ್ರೈವ್ ಎರಡು ಸಲ ಕಾಣಬಹುದು, 'ಯು.ಇ.ಎಫ್.ಐ.' ಅಂತ ಮುಂದೆ ಬರೆದಿರುವುದನ್ನು ಆರಿಸಿ. ಇನ್ನೊಂದನ್ನು ಆರಿಸಿದರೆ ಹಳೇ 512 ಬೈಟ್ ಪದ್ಧತಿಯಲ್ಲಿ ಹಾಕಿಕೊಳ್ಳುತ್ತದೆ. ಆ ಪದ್ಧತಿಯಲ್ಲಿ 2 ಟಿಬಿಗಿಂತ ಆಚೆಗಿನ ಜಾಗ ಬಳಸಲು ಆಗೋದಿಲ್ಲ. ಹೊಸ ಡಿಸ್ಕಿನ ಖಾಲಿ ಜಾಗವನ್ನು ಆರಿಸಿ ಮುಂದೆ ಒತ್ತಿ, ಬೇಕಾದ ಚಿಕ್ಕ ಭಾಗಗಳನ್ನೆಲ್ಲ ಅದೇ ಮಾಡಿಕೊಳ್ಳುತ್ತದೆ. ಹಳೇ ಡಿಸ್ಕ್ ಇಲ್ಲದೆ ಎರಡು ಮೂರು ಸಲ ಶುರುಮಾಡಿ ನೋಡಿ. ಆಮೇಲೆ ಹಳೇದನ್ನು ಜೋಡಿಸಿ, ಫರ್ಮ್‌ವೇರಿನ ಸೆಟ್ಟಿಂಗಿಗೆ ಹೋಗಿ (ಡಿಲೀಟ್ ಅಥವಾ ಎಫ್2 ಕೀಲಿ, ಕಂಪನಿಗೊಂದು ಥರ) ಬೂಟ್ ಕ್ರಮದಲ್ಲಿ ಹೊಸ ಡಿಸ್ಕನ್ನು ಮೊದಲಿಗೆ ಇಡಿ.

ನನ್ನ ಹಾಗೆ ಆಗಲೇ ತಪ್ಪು ಮಾಡಿದ್ದರೆ ಮತ್ತೆ ಮೊದಲಿಂದ ಹಾಕಬೇಕಿಲ್ಲ. ಹಳೇ ಡಿಸ್ಕನ್ನು ಮತ್ತೆ ಜೋಡಿಸಿದರೆ ಹೊಸ ವಿಂಡೋಸ್ ಏಳುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಿಸ್ಕ್‌ಪಾರ್ಟ್ ಓಡಿಸಬೇಕು. ಅದರಲ್ಲಿ ಸಿ ಭಾಗವನ್ನು 300 ಎಂಬಿಯಷ್ಟು ಕುಗ್ಗಿಸಿ, ಬಿಡುಗಡೆಯಾದ ಜಾಗದಲ್ಲಿ 260 ಎಂಬಿಯ ಇ.ಎಫ್.ಐ. ಭಾಗ ಮಾಡಿ, ಫ್ಯಾಟ್32 ವಿನ್ಯಾಸ ಕೊಟ್ಟು, ತಾತ್ಕಾಲಿಕವಾಗಿ ಎಸ್ ಅನ್ನುವ ಅಕ್ಷರ ಕೊಡಿ. ಆಮೇಲೆ ಬಿಸಿಡಿಬೂಟ್ ಅನ್ನುವ ಆಜ್ಞೆ. ಅದಕ್ಕೆ ಮೂರು ವಿಷಯ ಹೇಳಬೇಕು: ವಿಂಡೋಸ್ ಫೋಲ್ಡರ್ ಎಲ್ಲಿದೆ, ಬೂಟ್ ಕಡತಗಳನ್ನು ಎಲ್ಲಿ ಬರೆಯಬೇಕು (ಇಲ್ಲಿ ಎಸ್), ಫರ್ಮ್‌ವೇರ್ ಯಾವ ಬಗೆಯದು (ಯು.ಇ.ಎಫ್.ಐ.). ಒಂದು ಕ್ಷಣದಲ್ಲಿ ಮುಗಿಯುತ್ತದೆ. ಆರಿಸಿ, ಹಳೇ ಡಿಸ್ಕ್ ತೆಗೆದು, ಬೂಟ್ ಪಟ್ಟಿಯಿಂದ ಹೊಸ ಡಿಸ್ಕ್ ಆರಿಸಿದರೆ ಎದ್ದು ಬರುತ್ತದೆ. ನನಗೆ ಬಂತು.

ಡಿಸ್ಕ್‌ಪಾರ್ಟ್ ಬಗ್ಗೆ ಮಾತ್ರ ಭಯ ಇರಲಿ. ಅದರಲ್ಲಿ 'ಕ್ಲೀನ್' ಅನ್ನುವ ಆಜ್ಞೆ ಇದೆ, ಆರಿಸಿದ ಡಿಸ್ಕಿನ ಭಾಗಗಳ ಪಟ್ಟಿಯನ್ನೇ ಅಳಿಸುತ್ತದೆ, 'ಖಂಡಿತವೇ?' ಅಂತ ಒಂದು ಮಾತೂ ಕೇಳೋದಿಲ್ಲ. ಮೇಲಿನ ಕೆಲಸಕ್ಕೆ ಅದು ಬೇಕಾಗೂ ಇಲ್ಲ. ಡಿಸ್ಕ್ 0, ಡಿಸ್ಕ್ 1 ಅನ್ನುವ ಸಂಖ್ಯೆಗಳನ್ನೂ ನಂಬಬೇಡಿ, ಕೇಬಲ್ ಬದಲಾಯಿಸಿದರೆ ಅದೂ ಬದಲಾಗಬಹುದು. ಎಪಿಗ್ರಾಫಿಯ ಕರ್ನಾಟಿಕದಲ್ಲಿ ರೈಸ್ ಕೊಟ್ಟ ತಾಲೂಕು ಸಂಖ್ಯೆ ಒಂದು, ಮೈಸೂರಿನ ಪರಿಷ್ಕೃತ ಆವೃತ್ತಿಯ ಸಂಖ್ಯೆ ಇನ್ನೊಂದು. ಯಾವ ಆವೃತ್ತಿ ಅಂತ ಹೇಳದೆ ಬರೀ ಸಂಖ್ಯೆ ಕೊಟ್ಟು ಎಷ್ಟು ಜನ ಬೇರೆ ಯಾವುದೋ ಕಲ್ಲಿನ ಮುಂದೆ ನಿಂತಿಲ್ಲ! ಡಿಸ್ಕನ್ನು ಅದರ ಗಾತ್ರ ಮತ್ತು ಮೇಲಿನ ಚೀಟಿಯ ಸೀರಿಯಲ್ ನಂಬರಿನಿಂದ ಗುರುತಿಸಿ.

ಹೊಸದಾಗಿ ಹಾಕುವ ಬದಲು ಇಡೀ ಡಿಸ್ಕನ್ನೇ ತದ್ರೂಪು ತೆಗೆಯುವ ದಾರಿಯೂ ಇದೆ. ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶಗಳಿವೆ. ಮೊದಲ ಬೈಟಿನಿಂದ ಎಲ್ಲ ಬರುವುದರಿಂದ ಬೂಟ್ ಭಾಗವೂ ಬರುತ್ತದೆ, ಹಳೇ ತಂತ್ರಾಂಶಗಳೂ ಇದ್ದ ಹಾಗೇ ಇರುತ್ತವೆ. ಡಿಸ್ಕ್ ಆರೋಗ್ಯವಾಗಿದ್ದು, ಹೊಸದು ಅಷ್ಟೇ ಅಥವಾ ಹೆಚ್ಚು ಗಾತ್ರದ್ದಾಗಿದ್ದರೆ ಇದೇ ಸುಲಭ. ನನ್ನ 1 ಟಿಬಿ ಡಿಸ್ಕ್ 500 ಜಿಬಿಗೆ ಹಿಡಿಸುತ್ತಿರಲಿಲ್ಲ, ಆರೋಗ್ಯವೂ ಇರಲಿಲ್ಲ. ತದ್ರೂಪು ಮಾಡುವವರು ಒಂದು ನೆನಪಿಡಿ: ಡಿಸ್ಕಿನ ಗುರುತಿನ ಸಂಖ್ಯೆಯೂ ತದ್ರೂಪೇ ಆಗುತ್ತದೆ. ಎರಡನ್ನೂ ಜೋಡಿಸಿಟ್ಟು ಶುರುಮಾಡಿದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ. ಲಿನಕ್ಸ್ ಆದರೆ ಸದ್ದಿಲ್ಲದೆ ಹಳೇ ಡಿಸ್ಕಿನ ಭಾಗವನ್ನೇ ತೆರೆದುಕೊಂಡು ಕೂರಬಹುದು, ನೀವು ಹೊಸದರಲ್ಲಿ ಕೆಲಸ ಮಾಡುತ್ತಿದ್ದೀರಿ ಅಂದುಕೊಂಡಿರುತ್ತೀರಿ. ತದ್ರೂಪಿನಿಂದ ಮೊದಲ ಸಲ ಶುರುಮಾಡುವಾಗಲೂ ಹಳೇ ಡಿಸ್ಕ್ ಹೊರಗೇ ಇರಬೇಕು.

ಶುರು ಮಾಡೋ ಮುಂಚೆ ಇನ್ನೊಂದು ವಿಷಯ ನೋಡಿಕೊಳ್ಳಿ. ನಿಮ್ಮ ವಿಂಡೋಸಿನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇದ್ದರೆ, ಬೂಟ್ ವ್ಯವಸ್ಥೆ ಮುಟ್ಟಿದ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಹಳೇ ಡಿಸ್ಕಿನ ಫೋಟೋ ತೆರೆಯಲೂ ಅದು ಬೇಕು. ಕಾಗದದ ಮೇಲೆ ಬರೆದಿಟ್ಟುಕೊಂಡೇ ಸ್ಕ್ರೂ ಬಿಚ್ಚಿ.

ಹೊಸ ವಿಂಡೋಸ್ ಬಂದ ಮೇಲೆ ನನ್ನ ಎದೆ ಧಸಕ್ ಅಂದದ್ದು ಬೇರೆ ಕಾರಣಕ್ಕೆ. 2009-10ರ ಸುಮಾರಿನಲ್ಲಿ ಮಾಡಿಟ್ಟ ಶಾಸನಪಾಠಗಳ ಕಡತ ತೆರೆದರೆ ಪುಟ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕಡತ ಕೆಟ್ಟಿರಲಿಲ್ಲ. ಆಗ ನಾವು ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡುತ್ತಿದ್ದೆವು. ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರಿನಲ್ಲಿ ಫಾಂಟ್ಸ್ ಅನ್ನುವ ಉಪಫೋಲ್ಡರ್ ಇದೆ, ಅದನ್ನೂ ಫೋಟೋಗಳ ಜೊತೆಗೇ ಎತ್ತಿಟ್ಟುಕೊಳ್ಳಿ. ಪುರುಸೊತ್ತಾದಾಗ ಅವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿಬಿಡಿ. ಪರಿವರ್ತಕಗಳು ಒತ್ತಕ್ಷರಗಳಲ್ಲಿ ಕೆಲವೊಮ್ಮೆ ಎಡವುತ್ತವೆ, ಱ, ೞ ಬಂದ ಕಡೆ ವಿಶೇಷವಾಗಿ ಕಣ್ಣಿಟ್ಟು ನೋಡಬೇಕು.

ಎಸ್‌ಎಸ್‌ಡಿ ಬಗ್ಗೆಯೂ ಒಂದು ಮಾತು. ಬೂಟ್ ಡಿಸ್ಕಾಗಿ ಅದಕ್ಕೆ ಸಾಟಿ ಇಲ್ಲ. ಆದರೆ ಫೋಟೋ ತುಂಬಿ ಬೀರುವಿನಲ್ಲಿ ವರ್ಷಗಟ್ಟಲೆ ಇಡಲು ಅದು ತಕ್ಕದ್ದಲ್ಲ, ಕರೆಂಟ್ ಇಲ್ಲದೆ ಬಹಳ ಕಾಲ ಬಿದ್ದಿದ್ದರೆ ಬರಹ ಮಾಸಬಹುದು. ಅದಕ್ಕೆ ಹಳೇ ಮಾದರಿಯ ತಿರುಗುವ ಡಿಸ್ಕೇ ಮೇಲು, ಎರಡು ಕಡೆ ಎರಡು ಪ್ರತಿ ಇದ್ದರೆ ಇನ್ನೂ ಮೇಲು. ಈಗ ನನ್ನದು ಒಂದು ಪ್ರತಿ ಮನೆಯಲ್ಲಿ, ಒಂದು ನನ್ನ ಅಕ್ಕನ ಮನೆಯಲ್ಲಿ.

ಬೂಟ್ ಕೆಲಸ ಮುಗಿದ ಮೇಲೆ ಆ ಒಂದು ಫೋಟೋಗೆ ವಾಪಸ್ ಬಂದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಶುರುಮಾಡಿ, ಡಿಡಿರೆಸ್ಕ್ಯೂ ಅನ್ನುವ ಉಪಕರಣ ಬಳಸಿದೆ. ಇದು ಜಾಣ. ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಹಟ ಹಿಡಿದು ಕೂರದೆ ಮುಂದೆ ಹೋಗುತ್ತದೆ, ಮೊದಲು ಸುಲಭವಾಗಿ ಸಿಗುವುದನ್ನೆಲ್ಲ ಓದಿಕೊಂಡು, ಬಿಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲೆಲ್ಲಿ ಏನಾಯಿತು ಅಂತ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ನಿಲ್ಲಿಸಿ ನಾಳೆ ಮುಂದುವರಿಸಬಹುದು. ಸವೆದ ಕಲ್ಲನ್ನು ಓದುವವರೂ ಹೀಗೇ ಅಲ್ಲವೇ ಓದುವುದು. ಹಳೇ ಡಿಸ್ಕ್ ಆಗ ಬೂಟ್ ಹೊಣೆಯಿಂದ ಬಿಡುಗಡೆಯಾಗಿತ್ತು, ಅದಕ್ಕೆ ಇದೊಂದೇ ಕೆಲಸ. ಎರಡು ರಾತ್ರಿ ಓಡಿತು.

ಫೋಟೋ ತೆರೆಯಿತು. ಮೇಲಿನ ಮೂರನೇ ಎರಡು ಪಾಲು ಸರಿಯಾಗಿದೆ, ಕೆಳಗೆಲ್ಲ ಬೂದು ಬಣ್ಣದ ಪಟ್ಟಿ. ಹೋಗಿರುವುದು ಶಾಪಾಶಯದ ಸಾಲುಗಳು, ಈ ಧರ್ಮಕ್ಕೆ ಅಳುಪಿದವರಿಗೆ ಏನಾಗುತ್ತದೆ ಅನ್ನುವ ಭಾಗ. ಅದು ಉಳಿದ ಹದಿಮೂರು ಫೋಟೋಗಳಲ್ಲಿ ಸಾಕಷ್ಟು ಸ್ಪಷ್ಟವಾಗಿದೆ. ಮೂರನೇ ಸಾಲು ಇದೆ. ಕಕಾರದ ಕೆಳಗಿನ ಕೊಂಡಿ ಒತ್ತೋ ಋಕಾರವೋ ಅಂತ ಅದರಿಂದಲೇ ತೀರ್ಮಾನ ಮಾಡಲು ಈಗಲೂ ಧೈರ್ಯ ಇಲ್ಲ. ಆದರೆ ಪಕ್ಕದ ಸವೆದ ಅಕ್ಷರದ ತಲೆಯ ಮೇಲೆ ಗುಡಿಸಿನ ದುಂಡು ಸುತ್ತಿನ ಬಲಭಾಗ ನೆರಳಿನಲ್ಲಿ ಕಾಣುತ್ತದೆ. ಮಕಾರಕ್ಕೆ ಅದು ಬೇಕಿಲ್ಲ, 'ತಿ'ಗೆ ಬೇಕು. ವಿಕೃತಿ ಅಂತ ಓದುತ್ತಿದ್ದೇನೆ.